ದೊಗಳೆ ಪ್ಯಾಂಟಿನ ಉಪಕಾರ

ಮೊನ್ನೆ ಕ್ಯಾನ್ ಅನ್ನೋ ಜರ್ಮನ್ ರಾಕ್ ಬ್ಯಾಂಡಿನ ಸ್ಟುಟ್‌ಗಾರ್ಟ್ ಲೈವ್ ಆಲ್ಬಮ್ ಹಾಕ್ಕೊಂಡು ಕೂತಿದ್ದೆ, ನನ್ನ ಹೆಂಡ್ತಿ ಬಂದು ‘ಯಾವ್ ಹಾಡ್ರೀ ಇದು’ ಅಂದ್ಲು. ‘ಮೂರು’ ಅಂದೆ. ‘ಎಷ್ಟನೇದು ಅಂತ ಕೇಳ್ಲಿಲ್ಲ, ಹೆಸರೇನು?’ ‘ಹೆಸರೇ ಮೂರು ಕಣೇ!’ ನಿಜವಾಗ್ಲೂ ಅಷ್ಟೇ. ಐನ್ಸ್, ತ್ಸ್ವೈ, ಡ್ರೈ ಅಂತ ಜರ್ಮನ್ನಲ್ಲಿ ಒಂದು ಎರಡು ಮೂರು ಹಾಕಿ ಬಿಟ್ಟಿದಾರೆ, ಸಿಟಿ ಬಸ್ ಥರ. ಸ್ಟೇಜ್ ಮೇಲೆ ನಿಂತ್ಕೊಂಡೇ ಹಾಡು ಹುಟ್ಟಿಸ್ತಿದ್ರು, ಮೊದಲೇ ಬರೆದಿಟ್ಟ ಪಟ್ಟಿ ಇಲ್ಲ, ಸರಿ ಒಪ್ಪಿದೆ, ಆದ್ರೆ 1975ರ ಕಛೇರಿ ಹೊರಗೆ ಬಂದಿದ್ದು 2021ರಲ್ಲಿ, ಅಷ್ಟು ವರ್ಷದಲ್ಲಿ ಒಂದು ಹೆಸರು ಹೊಳೀಲಿಲ್ವಾ? ಈ ಮೂರು ಅನ್ನೋದು ಅರ್ಧ ಗಂಟೆ ದಾಟುತ್ತೆ ಬೇರೆ.

ಅದಿರ್ಲಿ. ನನಗೆ ಸಂಗೀತಕ್ಕಿಂತ ತಲೆ ಕೊರೀತಿರೋದು ಒಂದು ಪ್ಯಾಂಟು. ಇವರ ಇಂಗ್ಲೆಂಡ್ ಶೋಗಳಿಗೆ ಒಬ್ಬ ಅಭಿಮಾನಿ ದೊಗಳೆ ಪ್ಯಾಂಟೊಳಗೆ ರೆಕಾರ್ಡರ್ ಬಚ್ಚಿಟ್ಕೊಂಡು ಹೋಗಿ ಟೇಪ್ ಮಾಡ್ಕೊಂಡ್ ಬರ್ತಿದ್ನಂತೆ, ಅವನ ಕೃಪೆಯಿಂದ್ಲೇ ನಮಗೆ ಇವತ್ತು ಇವರ ಲೈವ್ ಶೋಗಳಲ್ಲಿ ಎಷ್ಟೋ ಕೇಳೋಕೆ ಸಿಕ್ಕಿರೋದು. ಎಪ್ಪತ್ತರ ದಶಕದ ರೆಕಾರ್ಡರ್ ಅಂದ್ರೆ ಬೆಂಕಿಪೊಟ್ಟಣ ಅಲ್ಲ ಸ್ವಾಮಿ, ಬ್ಯಾಟರಿ ಸೇರಿ ಒಳ್ಳೆ ತೂಕ. ನಡೆಯುವಾಗ ಪ್ಯಾಂಟು ಜಾರ್ತಿತ್ತೋ, ಬೆಲ್ಟು ಸಾಕಾಗ್ತಿತ್ತೋ, ಬಾಗಿಲಲ್ಲಿ ಟಿಕೆಟ್ ಹರಿಯೋನು ‘ಏನಪ್ಪ ಕುಂಟ್ತಿದೀಯ’ ಅಂದ್ರೆ ಏನ್ ಹೇಳ್ತಿದ್ನೋ. ಇವರ ಹಾಡು ಯಾವಾಗ ಮುಗಿಯುತ್ತೆ ಅಂತ ಹಾಡೋರಿಗೇ ಗೊತ್ತಿಲ್ಲ, ನಡುವೆ ಟೇಪ್ ಮುಗಿದ್ರೆ? ಕತ್ತಲಲ್ಲಿ ಸೊಂಟದೊಳಗೆ ಕೈ ಹಾಕಿ ತಡಕಾಡೋ ಮನುಷ್ಯನ್ನ ನೋಡಿ ಪಕ್ಕದ ಸೀಟಿನೋರು ಏನಂದ್ಕೊಂಡಿರ್ಬೇಕು! ಈಗಿನ ರೆಡಿಮೇಡ್ ಪ್ಯಾಂಟಲ್ಲಿ ಈ ಸಾಹಸ ಮಾಡಿ ನೋಡೋಣ, ಫೋನ್ ಇಟ್ಕೊಂಡು ಕೂತ್ರೆ ಅರ್ಧ ಆಚೆ, ಹಿಂದಿನ ಜೇಬು ಅಂತೂ ಬರೀ ಹೊಲಿಗೆ ಗೆರೆ, ದುಡ್ಡು ಮಾತ್ರ ಎರಡು ಜೇಬು ತುಂಬೋವಷ್ಟು ಕೇಳ್ತಾರೆ. ಇವತ್ತಿನ ಕಛೇರೀಲಿ ಎಲ್ಲರ ಕೈ ಮೇಲೆ, ಎಲ್ಲರ ಫೋನ್ ಆನ್, ಮುಂದೆ ನಿಂತೋನ ಸ್ಕ್ರೀನಲ್ಲೇ ನಾನು ಶೋ ನೋಡ್ಬೇಕು, ಮನೆಗೆ ಹೋಗಿ ಅದನ್ನ ಒಬ್ಬನಾದ್ರೂ ತೆಗೆದು ನೋಡ್ತಾನಾ? ಕದ್ದು ಮಾಡೋನಿಗಿದ್ದ ಶ್ರದ್ಧೆ ರಾಜಾರೋಷವಾಗಿ ಮಾಡೋರಿಗಿಲ್ಲ.

ಸ್ಟುಟ್‌ಗಾರ್ಟ್ ಆದ್ಮೇಲೆ ಬ್ರೈಟನ್, ಕುಕ್ಸ್‌ಹಾಫನ್, ಪ್ಯಾರಿಸ್ ಅಂತ ಲೈವ್ ಆಲ್ಬಮ್‌ಗಳು ಸಾಲಾಗಿ ಬಂದ್ವು. ಬ್ಯಾಂಡಿನ ಮುಖ್ಯ ನಾಲ್ವರಲ್ಲಿ ಕರೋಲಿ 2001ರಲ್ಲೇ ಹೋದ್ರು, ಲೀಬೆತ್ಸೈಟ್, ಚುಕೈ ಇಬ್ಬರೂ 2017ರಲ್ಲಿ, ಉಳಿದಿರೋ ಇರ್ಮಿನ್ ಶ್ಮಿಟ್ ಅವರೇ ಈ ಹಳೇ ಟೇಪುಗಳನ್ನ ಕೂತು ಕೇಳಿ ಹೊರಗೆ ತಂದಿದ್ದು. ಪ್ಯಾರಿಸ್‌ದು 1973ರ ಶೋ, ಅದರಲ್ಲಿ ದಾಮೊ ಸುಜುಕಿ ಹಾಡಿದಾರೆ, ಮ್ಯೂನಿಕ್ ಬೀದೀಲಿ ಹಾಡ್ತಿದ್ದೋರನ್ನ ಕರ್ಕೊಂಡ್ ಬಂದು ಅವತ್ತೇ ರಾತ್ರಿ ಸ್ಟೇಜ್ ಹತ್ತಿಸಿದ್ದು ಇದೇ ಬ್ಯಾಂಡು. ಆಲ್ಬಮ್ 2024ರ ಫೆಬ್ರವರೀಲಿ ಬಂತು, ದಾಮೊ ಅದೇ ತಿಂಗಳು, ಅದಕ್ಕೆ ಸ್ವಲ್ಪ ಮುಂಚೆ ತೀರ್ಕೊಂಡ್ರು. ಇದರ ಬಗ್ಗೆ ಏನೋ ದೊಡ್ಡದಾಗಿ ಹೇಳ್ಬೇಕು ಅನ್ಸುತ್ತೆ, ಬೇಡ ಬಿಡಿ.

ಈ ಬ್ಯಾಂಡಿನ ವೈಲರ್ಸ್‌ವಿಸ್ಟ್ ಊರಿನ ಸ್ಟುಡಿಯೋನ ಎತ್ಕೊಂಡ್ ಹೋಗಿ ಗ್ರೋನೌ ಅನ್ನೋ ಊರಿನ ಮ್ಯೂಸಿಯಮ್ಮಲ್ಲಿ ಇಟ್ಟಿದಾರೆ, ಒಳ್ಳೇದೇ. ಆ ಪ್ಯಾಂಟು ಎಲ್ಲಿದೆ ಅಂತ ಯಾರಾದ್ರೂ ವಿಚಾರಿಸಿದಾರಾ? ಸಿಕ್ರೆ ಗಾಜಿನ ಪೆಟ್ಟಿಗೇಲಿ ಇಡ್ಲಿ, ಪಕ್ಕದಲ್ಲಿ ನಾನು ಹೋದ ತಿಂಗಳು ತಗೊಂಡಿದ್ದನ್ನೂ ನೇತಾಕ್ಲಿ, ಕೊರಿಯರ್ ಖರ್ಚು ನಂದೇ.