ಸ್ವಲ್ಪ ಡಲ್ ಆಯ್ತಲ್ಲ ಭಟ್ರೆ

ಮೇಲಿನ ಮಹಡಿಯ ಶೆಟ್ರು ಇವತ್ತು ಬೆಳಗ್ಗೆ ನನ್ನ ಫೋಟೊ ಮೆಚ್ಚಿದರು. ಆಮೇಲೆ ಮಧ್ಯಾಹ್ನದವರೆಗೆ ನನಗೆ ಒಂದು ತುತ್ತು ಸೇರಲಿಲ್ಲ.

ಯಾಕೆ ಅಂತ ಹೇಳಲು ಒಂದು ವಾರ ಹಿಂದಕ್ಕೆ ಹೋಗಬೇಕು. ಡೊಂಬಿವಲಿಯ ನಮ್ಮ ಒಂದು ಬೆಡ್‌ರೂಮಿನ ಮನೆಯಿಂದ ಇವಳು ಭಾನುವಾರದ ಇಡ್ಲಿ-ಚಟ್ನಿಗೆ ಆರ್ಡರ್ ತೆಗೆದುಕೊಳ್ಳಲು ಶುರುಮಾಡಿ ಎರಡು ತಿಂಗಳಾಯಿತು. ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಹಾಕಲು ಒಂದು ಫೋಟೊ ಬೇಕಿತ್ತು. "ಫೋನಲ್ಲೇ ತೆಗೀತೇನೆ ಬಿಡಿ" ಅಂದಳು. ಆ "ಬಿಡಿ" ನನಗೆ ಚುಚ್ಚಿತು. ಹನ್ನೊಂದು ಕಂತು ಕಟ್ಟಿ ತಂದ ಡಿಎಸ್‌ಎಲ್‌ಆರ್ ಮನೆಯಲ್ಲಿರುವಾಗ ಫೋನೇ? ಮುಂಬೈಯ ಮಳೆಗೆ ಲೆನ್ಸಿಗೆ ಫಂಗಸ್ ಹಿಡಿಯುತ್ತದೆಂದು ಅದನ್ನು ಗಾಳಿಯಾಡದ ಡಬ್ಬದಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ, ಉದ್ದಿನಬೇಳೆ ಡಬ್ಬದ ಪಕ್ಕ ಇಟ್ಟಿದ್ದೇನೆ. ಇವಳು ಅವಸರದಲ್ಲಿ ಉದ್ದು ಅಂದುಕೊಂಡು ಎರಡು ಸಲ ಕ್ಯಾಮೆರಾವನ್ನೇ ಇಳಿಸಿದ್ದೂ ಉಂಟು.

ಸರಿ, ಹದಿನಾರು ಇಡ್ಲಿ. ಸ್ಟೀಲ್ ತಟ್ಟೆ ಹೊಳೆಯುತ್ತದೆಂದು ಬಿಳಿ ಪಿಂಗಾಣಿ ತಟ್ಟೆ. ಹಿನ್ನೆಲೆ ಚೊಕ್ಕ ಇರಲೆಂದು ಗ್ಯಾಸ್ ಕಟ್ಟೆಯ ಮೇಲೆ ನನ್ನ ಮದುವೆಯ ಬಿಳಿ ಪಂಚೆ. ಮೊದಲ ಇಪ್ಪತ್ತು ಫೋಟೊ ಹಬೆಗೆ ಹೋಯಿತು. ಲೆನ್ಸು ಮಂಜಾಗಿ ಇಡ್ಲಿಗಳೆಲ್ಲ ಮಡಿಕೇರಿಯ ಗುಡ್ಡಗಳಾದವು. ಒರೆಸಿದೆ. ಉಸಿರು ಬಿಗಿಹಿಡಿದೆ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿನ ಗುರುತು ಕರಾರುವಾಕ್ಕಾಗಿ ಸೊನ್ನೆಯ ಮೇಲೆ ನಿಂತಿತ್ತು. ಕ್ಲಿಕ್.

ಬಂದದ್ದು ಸಿಮೆಂಟು.

ಇಡ್ಲಿ, ತಟ್ಟೆ, ಪಂಚೆ ಮೂರಕ್ಕೂ ಆಷಾಢದ ಆಕಾಶದ ಬಣ್ಣ. "ಇದು ನಾನು ಮಾಡಿದ ಇಡ್ಲಿಯಾ?" ಅಂದಳು ಇವಳು, ಆಸ್ಪತ್ರೆಯಲ್ಲಿ ಮಗು ಬದಲಾಗಿದೆ ಎಂಬ ದನಿಯಲ್ಲಿ. ಆದರೆ ಗಂಟೆ ಒಂಬತ್ತಾಗುತ್ತಿತ್ತು. ತಡವಾದರೆ ಜನ ಕೆಳಗಿನಿಂದ ವಡಾಪಾವ್ ತರಿಸಿಬಿಡುತ್ತಾರೆ. ಹಾಕಿಬಿಟ್ಟೆವು.

ಐದು ನಿಮಿಷಕ್ಕೆ ಬೆಲ್ಲು. ಶೆಟ್ರು.

ಇವರು ಘಾಟ್‌ಕೋಪರ್‌ನಲ್ಲಿ ಮೂವತ್ತು ವರ್ಷ ಹೋಟೆಲ್ ನಡೆಸಿ ಈಗ ಗಲ್ಲೆಯನ್ನು ಮಗನಿಗೆ ಬಿಟ್ಟುಕೊಟ್ಟವರು. ಗಲ್ಲೆ ಬಿಟ್ಟರೂ ಗಲ್ಲೆಯ ಅಭ್ಯಾಸ ಬಿಟ್ಟಿಲ್ಲ. ಐನೂರರ ನೋಟು ಖೋಟಾ ಹೌದೋ ಅಲ್ಲವೋ ಅಂತ ನೋಡುವ ಹಾಗೆ ಫೋನನ್ನು ಟ್ಯೂಬ್‌ಲೈಟಿನತ್ತ ಎತ್ತಿ ಹಿಡಿಯುತ್ತಾರೆ. ಕನ್ನಡಕ ಹಣೆಗೆ ಏರುತ್ತದೆ. ಎರಡು ಬೆರಳಲ್ಲಿ ಚಿತ್ರವನ್ನು ಹಿಗ್ಗಿಸುತ್ತ, ಸರಿಯಿರುವ ಜಾಗವನ್ನೆಲ್ಲ ದಾಟಿಕೊಂಡು, ಎಲ್ಲಿ ಕತ್ತಲಿದೆಯೋ ಅಲ್ಲಿಗೇ ಹೋಗಿ ನಿಲ್ಲುತ್ತಾರೆ. ಆಮೇಲೆ ಒಂದು "ತ್ಚು". ಆ ತ್ಚುವಿನ ನಂತರ ಏನು ಬರುತ್ತದೆಂದು ನಮ್ಮ ವಿಂಗಿನ ಮಕ್ಕಳಿಗೂ ಗೊತ್ತು. ಮಗಳ ನಾಮಕರಣದ ಫೋಟೊ, "ಸ್ವಲ್ಪ ಡಲ್ ಆಯ್ತಲ್ಲ ಭಟ್ರೆ." ಸಂಘದ ಕಾರ್ಯಕ್ರಮದಲ್ಲಿ ಶಾಲು ಹೊದಿಸಿದ ಫೋಟೊ, "ಸ್ವಲ್ಪ ಡಲ್." ನಾಲ್ಕೂವರೆಗೆ ಎದ್ದು, ಮೊದಲ ಲೋಕಲ್ ಹಿಡಿದು, ಶಿವಡಿಯ ಕೆಸರಿನ ದಂಡೆಯಲ್ಲಿ ಸೊಳ್ಳೆಗೆ ರಕ್ತದಾನ ಮಾಡಿ ತೆಗೆದ ಫ್ಲೆಮಿಂಗೊ ಹಕ್ಕಿಗಳು. ಅವಕ್ಕೂ ಅದೇ. ಹಕ್ಕಿಗಾದರೂ ಕರುಣೆ ಬೇಡವೇ?

ಅವತ್ತು ಮಾತ್ರ ಬೇರೆ ಪೀಠಿಕೆ ಬಂತು. "ರಾಗಿ ಇಡ್ಲಿಯಾ ಭಟ್ರೆ? ಒಳ್ಳೇದು, ಶುಗರಿಗೆ ಒಳ್ಳೇದು. ಫೋಟೊ ಸ್ವಲ್ಪ ಡಲ್ ಆಯ್ತು, ಅಷ್ಟೆ."

ಇಷ್ಟಕ್ಕೇ ನಿಲ್ಲಲಿಲ್ಲ. ಗ್ರೂಪಿನಲ್ಲೂ ಬರೆದರು. ಸಂಜೆಯೊಳಗೆ ಮುಂದಿನ ಭಾನುವಾರಕ್ಕೆ ನಲವತ್ತು ರಾಗಿ ಇಡ್ಲಿಯ ಆರ್ಡರ್. ಇವಳು ನನ್ನನ್ನು ನೋಡಿದ ನೋಟವನ್ನು ಯಾವ ಕ್ಯಾಮೆರಾವೂ ಹಿಡಿಯಲಾರದು.

ಆ ರಾತ್ರಿ ಕ್ಯಾಮೆರಾ ಮಾರಿಬಿಡೋಣ ಅನಿಸಿದ್ದು ಸುಳ್ಳಲ್ಲ. ಕೆಲವರಿಗೆ ಶ್ರುತಿ ಹತ್ತುವುದಿಲ್ಲವಲ್ಲ, ಹಾಗೆ ನನಗೆ ಬೆಳಕು ಹತ್ತುವುದಿಲ್ಲವೇನೋ. ಪುತ್ತೂರಿನ ಭಾವನಿಗೆ ಫೋನು ಮಾಡಿ ಗೋಳು ತೋಡಿಕೊಂಡರೆ "ಮಾಡ್ತಾ ಮಾಡ್ತಾ ಬರ್ತದೆ" ಅಂದ. ನನ್ನ ಡ್ರೈವಿಂಗಿಗೂ ಅವನು ಇದನ್ನೇ ಹೇಳಿದ್ದ, ನನ್ನ ಮರಾಠಿಗೂ. ಎರಡೂ ಬಂದಿಲ್ಲ.

ನನ್ನ ಆಫೀಸು ಫೋರ್ಟಿನಲ್ಲಿ. ಸೋಮವಾರ ಊಟದ ಬಿಡುವಿನಲ್ಲಿ ಮನಸ್ಸು ಸರಿಯಿಲ್ಲದೆ ಗೇಟ್‌ವೇ ಆಫ್ ಇಂಡಿಯಾದವರೆಗೆ ನಡೆದೆ. 1924ರಿಂದ ಹಾಗೇ ನಿಂತಿರುವ ಆ ಕಮಾನಿನ ಎದುರು, ಕುತ್ತಿಗೆಗೆ ಕ್ಯಾಮೆರಾ, ಕೈಯಲ್ಲಿ ಆಲ್ಬಮ್, ಹೆಗಲ ಚೀಲದಲ್ಲಿ ಪುಟ್ಟ ಪ್ರಿಂಟರ್ ಹೊತ್ತ ಫೋಟೊದವರು ಪ್ರವಾಸಿಗರ ಹಿಂದೆ ಓಡಾಡುತ್ತಿರುತ್ತಾರಲ್ಲ, ಅವರಲ್ಲೊಬ್ಬರು ನೆರಳಿನಲ್ಲಿ ಕೂತು ಬೀಡಿ ಸೇದುತ್ತಿದ್ದರು. ಅರವತ್ತು ದಾಟಿದ ವಯಸ್ಸು. ಮಾತಿಗೆಳೆದೆ. "ಸುಬಹ್ ತಾಜ್, ದೋಪಹರ್ ಬಾದ್ ಗೇಟ್‌ವೇ" ಅಂದರು, ಅವರ ಇಡೀ ಶಾಸ್ತ್ರ ಅಷ್ಟೇ ಎಂಬಂತೆ. ಯೋಚಿಸಿದರೆ ಹೌದು. ಬೆಳಗ್ಗೆ ಸೂರ್ಯ ಸಮುದ್ರದ ಕಡೆಯಿಂದ, ಗೇಟ್‌ವೇಯ ಬೆನ್ನಿಗೆ ಬರುತ್ತಾನೆ. ಅದರ ಮುಂದೆ ನಿಲ್ಲಿಸಿದವರ ಮುಖವೆಲ್ಲ ಇದ್ದಿಲು. ಅದೇ ಜನರನ್ನು ತಿರುಗಿಸಿ ಎದುರಿನ ತಾಜ್ ಹೋಟೆಲನ್ನು ಹಿನ್ನೆಲೆ ಮಾಡಿದರೆ ಬೆಳಕು ಸೀದಾ ಮುಖಕ್ಕೆ. ಮಧ್ಯಾಹ್ನದ ಮೇಲೆ ಎಲ್ಲ ತಿರುವುಮುರುವು. ನಾನು ಇಡ್ಲಿಯ ಫೋಟೊ ತೋರಿಸಿದೆ. ಅವರು ನಗಲಿಲ್ಲ, ದೇವರು ಅವರನ್ನು ಚೆನ್ನಾಗಿಟ್ಟಿರಲಿ. "ಸಫೇದ್ ಹೈ ನಾ? ಥೋಡಾ ಪ್ಲಸ್ ಮಾರೋ ಸಾಬ್."

ವಾಪಸ್ ಲೋಕಲ್‌ನಲ್ಲಿ ನಿಂತುಕೊಂಡು ಅದನ್ನೇ ಮೆಲುಕು ಹಾಕಿದೆ. ಮೀಟರಿಗೆ ಪಾಪ ಇಡ್ಲಿ ಅಂದರೆ ಏನು ಗೊತ್ತು? ಎದುರಿಗೆ ಏನಿದ್ದರೂ ಅದು ನಡುಮಧ್ಯದ ಬೂದು, ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 18 ಪಾಲು ಹಿಂದಿರುಗಿಸುವ ಬೂದು, ಅಂತಲೇ ಅದರ ಲೆಕ್ಕ. ಸೊಸೈಟಿಯ ಮೇಂಟೆನೆನ್ಸಿನ ಹಾಗೆ ಎಲ್ಲರಿಗೂ ಒಂದೇ ರೇಟು. ಬಿಳಿ ತುಂಬಿದ್ದರೆ ಬೆಳಕು ಹೆಚ್ಚಾಯಿತೆಂದು ತಗ್ಗಿಸಿ ಬೂದು ಮಾಡುತ್ತದೆ. ಕಪ್ಪು ತುಂಬಿದ್ದರೆ ಸಾಲದೆಂದು ಏರಿಸಿ ಅದನ್ನೂ ಬೂದು ಮಾಡುತ್ತದೆ. ಬಿಳಿಗೆ ನಾವೇ ಪ್ಲಸ್ ಒಂದೋ ಒಂದೂವರೆಯೋ, ಅಂದರೆ ಮೀಟರು ಹೇಳಿದ್ದಕ್ಕಿಂತ ಹೆಚ್ಚು ಬೆಳಕು, ಕೊಡಬೇಕು, ಕಪ್ಪಿಗೆ ಮೈನಸ್. ಅಂದರೆ ನನ್ನ ಕೈಯಲ್ಲಿ ದೋಷವಿರಲಿಲ್ಲ! ಸೊನ್ನೆಯನ್ನು ನಂಬಿದ್ದೇ ದೋಷ.

ಅಪ್ಪನಿಗೆ ಈ ತಲೆನೋವೇ ಇರಲಿಲ್ಲ. ಅವರದ್ದು ಆಗ್ಫಾ ಕ್ಲಿಕ್-3. ಒಂದು ರೋಲಿಗೆ 12 ಫೋಟೊ, ಬಿಸಿಲಿಗೊಂದು ಗುರುತು, ಮೋಡಕ್ಕೊಂದು. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ನಮ್ಮನ್ನೆಲ್ಲ ಅಂಗಳದಲ್ಲಿ ಬಿಸಿಲಿಗೆ ಮುಖಮಾಡಿ ನಿಲ್ಲಿಸುತ್ತಿದ್ದರು. ನಮ್ಮ ಬಾಲ್ಯದ ಒಂದು ಫೋಟೊದಲ್ಲೂ ಯಾರ ಕಣ್ಣೂ ಪೂರ್ತಿ ತೆರೆದಿಲ್ಲ. ಅಮ್ಮ ಅಂತೂ ಹುಣಸೆಹುಳಿ ಕಚ್ಚಿದಂತೆ ನಿಂತಿದ್ದಾಳೆ. ಅಪ್ಪ ಯಾವುದರಲ್ಲೂ ಇಲ್ಲ. ನಮ್ಮ ಕಾಲ ಬುಡದವರೆಗೆ ಚಾಚಿದ ಉದ್ದನೆಯ ನೆರಳು ಮಾತ್ರ ಇದೆ, ಎರಡೂ ಮೊಣಕೈ ಎತ್ತಿ ಕಣ್ಣಿನ ಹತ್ತಿರ ಏನನ್ನೋ ಹಿಡಿದುಕೊಂಡದ್ದು.

ಇರಲಿ. ವಾರವಿಡೀ ಅಭ್ಯಾಸ ಮಾಡಿದೆ. ಒಣಹಾಕಿದ ಪಂಚೆ, ಹಾಲಿನ ತಪಲೆ, ಬಾತ್‌ರೂಮಿನ ಟೈಲ್ಸು, ಎಲ್ಲಕ್ಕೂ ಪ್ಲಸ್ ಒಂದೂವರೆ. ಬೆಳ್ಳಿ ಬೆಳ್ಳಿ! ಇವತ್ತು ಬೆಳಗ್ಗೆ ರಾಗಿ ಇಡ್ಲಿ ಇಳಿಯುವ ಹೊತ್ತಿಗೆ ನಾನು ತಯಾರು. ಪಂಚೆ ಬೇಡ, ಗ್ಯಾಸ್ ಕಟ್ಟೆಯ ಕಡಪ ಕಲ್ಲಿನ ಮೇಲೇ ಸಾಲಾಗಿ ಕಪ್ಪು ಇಡ್ಲಿಗಳು, ಪಕ್ಕದಲ್ಲಿ ಒಂದೆಸಳು ಕರಿಬೇವು. ತೆಗೆದೆ. ಕಿಟಕಿಯ ಬಿಸಿಲಿಗೆ ಕ್ಯಾಮೆರಾದ ಪರದೆ ನೆಟ್ಟಗೆ ಕಾಣಲಿಲ್ಲ, ಆದರೆ ಆತ್ಮವಿಶ್ವಾಸ ಎಂಬುದೊಂದು ಇದೆಯಲ್ಲ. ಗ್ರೂಪಿಗೆ ಹಾಕಿದೆ.

ಪ್ಲಸ್ಸನ್ನು ಸೊನ್ನೆಗೆ ತರಲು ಮರೆತಿದ್ದೆ. ಮೈನಸ್ ಮಾತು ದೂರವೇ ಉಳಿಯಿತು.

ಬೆಲ್ಲು. ಶೆಟ್ರು. ಫೋನು ಟ್ಯೂಬ್‌ಲೈಟಿಗೆ ಏರಿತು, ಕನ್ನಡಕ ಹಣೆಗೆ. ತ್ಚು ಬರಲೇ ಇಲ್ಲ. "ಆಹಾ! ಈಗ ಬಂತು ನೋಡಿ ಬೆಳಕು. ಅಕ್ಕಿ ಇಡ್ಲಿ ಅಂದ್ರೆ ಹೀಗಿರ್ಬೇಕು. ಕಲ್ತ್ರಿ ಭಟ್ರೆ, ಅಂತೂ ಕಲ್ತ್ರಿ!"

ಬೆನ್ನು ತಟ್ಟಲು ಹತ್ತಿರ ಬಂದಾಗ ಅವರ ಫೋನು ನನ್ನ ಕಣ್ಣಿಗೆ ಬಿತ್ತು. ನನ್ನ ಫೋನಿನಲ್ಲಿ ಸುಣ್ಣ ಬಳಿದಂತಿದ್ದ ಚಿತ್ರ ಅಲ್ಲಿ ಹದವಾಗಿತ್ತು.

"ಶೆಟ್ರೆ, ಬ್ರೈಟ್‌ನೆಸ್ ಎಷ್ಟಿಟ್ಟಿದ್ದೀರಿ?"

"ಯಾವಾಗ್ಲೂ ತಳದಲ್ಲೇ ಮಾರಾಯ್ರೆ. ಸುಮ್ನೆ ಬ್ಯಾಟರಿ ಯಾಕೆ ಹಾಳು?"

ಮಗಳ ನಾಮಕರಣ. ಶಾಲು. ಫ್ಲೆಮಿಂಗೊ. ನಾನು ಸೋಫಾದ ಮೇಲೆ ಕೂತುಬಿಟ್ಟೆ.

ಒಳಗೆ ಇವಳ ಫೋನು ಹೊಡೆದುಕೊಳ್ಳುತ್ತಿತ್ತು. ನಾವು ಹೇಳಿದ್ದು ರಾಗಿಯದ್ದು, ಅಕ್ಕಿಯದ್ದು ಯಾಕೆ ಮಾಡಿದಿರಿ ಅಂತ ಬಿ ವಿಂಗ್‌ನಿಂದ, ಸಿ ವಿಂಗ್‌ನಿಂದ. ಹನ್ನೆರಡರವರೆಗೆ ಸಮಜಾಯಿಷಿ ಕೊಟ್ಟೂ ಕೊಟ್ಟೂ ಸಾಕಾಗಿ, ಉಳಿದಿದ್ದ ನಾಲ್ಕು ಇಡ್ಲಿಯನ್ನು ಇವಳು ತನ್ನ ಫೋನಿನಲ್ಲಿ ಟಕ್ಕನೆ ಹೊಡೆದು ಗ್ರೂಪಿಗೆ ಹಾಕಿದಳು. ನಿಜ ಹೇಳಬೇಕಲ್ಲ, ರಾಗಿ ಅಂದರೆ ರಾಗಿ, ಮೇಲಿನ ಎಣ್ಣೆಪಸೆಯೂ ಕಾಣುತ್ತಿತ್ತು. ನನ್ನ ಕಡೆ ಒಮ್ಮೆ ನೋಡಿದಳು.

ಅಷ್ಟರಲ್ಲಿ ಟಿಣ್ ಅಂತು. ಶೆಟ್ರ ಮೆಸೇಜು: "ಇದು ಸ್ವಲ್ಪ ಡಲ್ ಆಯ್ತಲ್ಲ ಅಕ್ಕ."

ಇವಳ ಮುಖ ನೋಡಿದೆ. ಬೆಳಗ್ಗಿನಿಂದ ಮೊದಲ ಸಲ ನನಗೆ ಹಸಿವಾಯಿತು.