“ತೂಕ ಬರಲಿ, ಆಮೇಲೆ ನೋಡೋಣ” ಅನ್ನಬೇಡಿ

ನನ್ನ ತಂಗಿಯ ಮಗು ನಾಲ್ಕು ಗುಟುಕು ಹಾಲು ಎಳೆದು ಬಿಟ್ಟುಬಿಡುತ್ತಿತ್ತು. ಏದುಸಿರು. ಹಣೆ ತುಂಬ ಬೆವರು, ಅದೂ ಡಿಸೆಂಬರ್ ಚಳಿಯಲ್ಲಿ. ದೃಷ್ಟಿ ಆಗಿದೆ ಅಂತ ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸಿದರು. ನ್ಯುಮೋನಿಯಾ ಅಂತ ಎರಡು ಸಲ ಅಡ್ಮಿಟ್ ಮಾಡಿದ್ದೂ ಆಯ್ತು. ನಾಲ್ಕು ತಿಂಗಳಾದರೂ ತೂಕ ನಾಲ್ಕು ಕೆ.ಜಿ. ದಾಟಿರಲಿಲ್ಲ. ಕೊನೆಗೆ ಅಂಗನವಾಡಿಗೆ ಬಂದ, ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆಯಾದ ಆರ್‌ಬಿಎಸ್‌ಕೆ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು, ತೆಗೆದು, ಮತ್ತೆ ಇಟ್ಟು ಕೇಳಿದರು. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗ್‌ನಲ್ಲಿ, ಗೊತ್ತಾಯ್ತು: ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ದೊಡ್ಡ ತೂತು.

ಹುಟ್ಟಿದಾಗಲೇ ಯಾಕೆ ಗೊತ್ತಾಗಲಿಲ್ಲ ಅಂತ ನಾವೆಲ್ಲ ಸಿಟ್ಟಾದೆವು. ಆದರೆ ಹುಟ್ಟಿದ ಹೊಸದರಲ್ಲಿ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಜಾಸ್ತಿ ಇರುತ್ತದೆ. ಹಾಗಾಗಿ ತೂತಿನಿಂದ ರಕ್ತ ಅಷ್ಟಾಗಿ ನುಗ್ಗುವುದಿಲ್ಲ, ಸದ್ದೂ ಕೇಳಿಸುವುದಿಲ್ಲ. ಕೆಲವು ವಾರಗಳಲ್ಲಿ ಆ ಒತ್ತಡ ಇಳಿದ ಮೇಲೆಯೇ ರಕ್ತ ತೂತಿನಿಂದ ಶ್ವಾಸಕೋಶಕ್ಕೆ ನುಗ್ಗಿ ತೊಂದರೆ ಶುರು.

ಆಪರೇಷನ್ ಅಂದ ಕೂಡಲೇ ಮನೆಯಲ್ಲಿ ಎಲ್ಲರದೂ ಒಂದೇ ರಾಗ. “ಇಷ್ಟು ಪುಟ್ಟ ಮಗುವಿನ ಎದೆ ಕೊಯ್ಯೋದಾ? ಸ್ವಲ್ಪ ತೂಕ ಬರಲಿ.” ಪ್ರೀತಿಯಿಂದ ಹೇಳುವ ಮಾತೇ. ಆದರೆ ಇಂಥ ಮಗುವಿಗೆ ತೂಕ ಬರುವುದು ಎಲ್ಲಿಂದ? ತಿಂದದ್ದೆಲ್ಲ ಉಸಿರಾಡುವುದಕ್ಕೇ ಖರ್ಚಾಗುತ್ತಿರುತ್ತದೆ. ಚಿಕ್ಕ ತೂತುಗಳು ಎಷ್ಟೋ ಸಲ ತಾವೇ ಮುಚ್ಚಿಕೊಳ್ಳುತ್ತವೆ, ನಿಜ. ದೊಡ್ಡದನ್ನು ವರ್ಷಗಟ್ಟಲೆ ಬಿಟ್ಟರೆ ಶ್ವಾಸಕೋಶದ ರಕ್ತನಾಳಗಳು ದಪ್ಪಗಟ್ಟಿ ಹಾಳಾಗುತ್ತವೆ. ಆಮೇಲೆ ಎಂಥ ಸರ್ಜನ್ ಬಂದರೂ ಆ ತೂತು ಮುಚ್ಚಲು ಆಗುವುದಿಲ್ಲ. ಕಾಯುವುದೋ ಬೇಡವೋ ಅನ್ನುವುದನ್ನು ಎಕೋ ನೋಡಿದ ಮಕ್ಕಳ ಹೃದಯದ ಡಾಕ್ಟರು ಹೇಳಲಿ. ನೆಂಟರು ಹೇಳುವುದು ಬೇಡ.

1954ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಡಾ. ವಾಲ್ಟನ್ ಲಿಲೆಹೈ ಇದೇ ತರದ ತೂತನ್ನು ಮೊದಲ ಸಲ ಮುಚ್ಚಿದಾಗ ಆ ಮಗುವಿಗೆ 13 ತಿಂಗಳು. ಪಕ್ಕದ ಮೇಜಿನ ಮೇಲೆ ಅಪ್ಪನನ್ನು ಮಲಗಿಸಿ, ಅವನ ಹೃದಯ, ಶ್ವಾಸಕೋಶಗಳಿಂದಲೇ ಮಗುವಿಗೂ ರಕ್ತ ಹರಿಸಿದ್ದರು. ಆ ಮಗು ಹನ್ನೊಂದು ದಿನಕ್ಕೆ ನ್ಯುಮೋನಿಯಾದಿಂದ ತೀರಿಕೊಂಡಿತು. ಇವತ್ತು ಅಪ್ಪ ಮಲಗಬೇಕಿಲ್ಲ, ಅಷ್ಟೂ ಹೊತ್ತು ಆ ಕೆಲಸವನ್ನು ಯಂತ್ರ ಮಾಡುತ್ತದೆ. ಆದರೂ ನನ್ನ ಭಾವ ಆಪರೇಷನ್ ಥಿಯೇಟರ್ ಹೊರಗೆ ಒಂದು ಪುಟ್ಟ ಕುಲಾವಿ ಹಿಡಿದು ನಾಲ್ಕೂವರೆ ಗಂಟೆ ನಿಂತೇ ಇದ್ದರು.

ಐದೂವರೆ ತಿಂಗಳಿಗೆ ಆಪರೇಷನ್ ಆಯ್ತು. ಮನೆಗೆ ಬಂದ ವಾರದಲ್ಲಿ ಮಗು ಒಂದೇ ಪಟ್ಟಿಗೆ ಹಾಲು ಕುಡಿದು ನಿದ್ದೆ ಹೋಯಿತು. ತಂಗಿ ಸುಮ್ನೆ ಅದರ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಹೆರಿಗೆಯಾಗಿ ಮನೆಗೆ ಹೊರಡುವ ಮುಂಚೆ ಮಗುವಿನ ಬಲಗೈಗೂ ಒಂದು ಕಾಲಿಗೂ ರಕ್ತದ ಆಕ್ಸಿಜನ್ ಅಳೆಯುವ ಪಲ್ಸ್ ಆಕ್ಸಿಮೀಟರ್ ಹಾಕಿ ನೋಡಿ ಅಂತ ಬಾಯಿಬಿಟ್ಟು ಕೇಳಿ. ನೋವಿಲ್ಲ, ಕೆಲವೇ ನಿಮಿಷದ ಕೆಲಸ. ನಮ್ಮ ಮಗುವಿಗಿದ್ದಂಥ ತೂತು ಇದರಲ್ಲಿ ತಪ್ಪಿಹೋಗಬಹುದು. ಆದರೆ ಮೊದಲ ವಾರಗಳಲ್ಲೇ ಆಪರೇಷನ್ ಬೇಕಾಗುವ, ಆಕ್ಸಿಜನ್ ಕಡಿಮೆಯಾಗುವ ಎಷ್ಟೋ ದೋಷಗಳು ಸಿಕ್ಕಿಬೀಳುತ್ತವೆ. ಆಮೇಲೂ ಹಾಲು ಕುಡಿಯುವಾಗ ಮಗು ಬೆವರಿದರೆ ಎಕೋ ಬೇಕಾ ಅಂತ ಅದೇ ವಾರ ಮಕ್ಕಳ ಡಾಕ್ಟರನ್ನು ಕೇಳಿ. ದುಡ್ಡಿನ ಚಿಂತೆ ಇದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ, ಆರ್‌ಬಿಎಸ್‌ಕೆ ತಂಡದವರನ್ನು ಹಿಡಿಯಿರಿ.