ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಿ ಡಾಕ್ಟ್ರೇ!

ಎಂಬಿಬಿಎಸ್ ಓದುವ ಮಕ್ಕಳಿಗೆ ನನ್ನದೊಂದು ಬಿಟ್ಟಿ ಸಲಹೆ: ಫೊರೆನ್ಸಿಕ್ ನೋಟ್ಸನ್ನು ಪೆನ್ಸಿಲ್ಲಿನಲ್ಲೇ ಬರೆದುಕೊಳ್ಳಿ. ಅನಾಟಮಿಗೆ ಪೆನ್ನು ನಡೆಯುತ್ತದೆ. ಪಿತ್ತಕೋಶ ಬ್ರಿಟಿಷರ ಕಾಲದಲ್ಲೂ ಯಕೃತ್ತಿನ ಕೆಳಗೇ ಇತ್ತು, ಈಗಲೂ ಅಲ್ಲೇ ಇದೆ. ಸುತ್ತೋಲೆ ಬಂತೆಂದು ಜಾಗ ಖಾಲಿ ಮಾಡುವುದಿಲ್ಲ. ಆದರೆ ಯಾರು ಯಾರನ್ನು ಪ್ರೀತಿಸಿದರೆ ಸಹಜ, ಯಾರನ್ನು ಪ್ರೀತಿಸಿದರೆ ಅಪರಾಧ ಎನ್ನುವುದು ದೆಹಲಿಯಿಂದ ಬಂದ ಪಿಡಿಎಫ್ಫಿನ ತಾರೀಖು ನೋಡಿಯೇ ಹೇಳಬೇಕಾದ ಸಂಗತಿ.

2024ರ ಆಗಸ್ಟ್ 31ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ಪಠ್ಯಕ್ರಮ ಹೊರಡಿಸಿತು. ಫೊರೆನ್ಸಿಕ್ ಭಾಗದಲ್ಲಿ ಗುದಸಂಭೋಗ ಮತ್ತು ಸ್ತ್ರೀ ಸಲಿಂಗಕಾಮ, ಎರಡೂ ‘ಅಸ್ವಾಭಾವಿಕ ಲೈಂಗಿಕ ಅಪರಾಧ’ಗಳ ಪಟ್ಟಿಯಲ್ಲಿ ಮರಳಿ ಬಂದು ಕೂತಿದ್ದವು. ಜೊತೆಗೆ ಕನ್ಯಾಪೊರೆ ಮತ್ತು ಅದರ ಕಾನೂನು ಮಹತ್ವ! 2022ರಲ್ಲಷ್ಟೇ ಇದೇ ಆಯೋಗ ಇವನ್ನೆಲ್ಲ ತಿದ್ದಿತ್ತು. ಅತ್ಯಾಚಾರಕ್ಕೊಳಗಾದವರ ‘ಕನ್ಯತ್ವ’ ನೋಡುವ ಎರಡು ಬೆರಳಿನ ಪರೀಕ್ಷೆ ಪಠ್ಯದಲ್ಲಿ ಇರಕೂಡದೆಂದು ಸುಪ್ರೀಂ ಕೋರ್ಟ್ ಅದೇ ವರ್ಷ ಹೇಳಿತ್ತು. ಗದ್ದಲವಾಯಿತು. ಸೆಪ್ಟೆಂಬರ್ 5ಕ್ಕೆ ಪಠ್ಯಕ್ರಮ ವಾಪಸ್, 12ಕ್ಕೆ ತಿದ್ದಿದ ಹೊಸ ಪ್ರತಿ. ಸೆಪ್ಟೆಂಬರ್ 5 ಯಾವ ದಿನ ಅಂತೀರಿ? ಶಿಕ್ಷಕರ ದಿನಾಚರಣೆ. ಮಕ್ಕಳು ಗುಲಾಬಿ ಕೊಟ್ಟರು, ಮೇಷ್ಟ್ರು ಸಿಲಬಸ್ ವಾಪಸ್ ಕೊಟ್ಟರು.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಆಯೋಗದ ಕಾನೂನು ನಿಷ್ಠೆ. ಒಪ್ಪಿ ಕೂಡುವ ವಯಸ್ಕರ ಮೇಲಿದ್ದ ಅಪರಾಧದ ಹಣೆಪಟ್ಟಿಯನ್ನು ಸುಪ್ರೀಂ ಕೋರ್ಟ್ 2018ರಲ್ಲೇ ಕಿತ್ತುಹಾಕಿತ್ತು. ಸಾಲದ್ದಕ್ಕೆ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ‘ಅಸ್ವಾಭಾವಿಕ’ ಸಂಭೋಗವನ್ನು ಅಪರಾಧವೆಂದಿದ್ದ ಹಳೇ ದಂಡ ಸಂಹಿತೆಯ 377ನೇ ಕಲಮಿನ ಸುಳಿವೇ ಇಲ್ಲ. ಸ್ತ್ರೀ ಸಲಿಂಗಕಾಮದ ಹೆಸರಂತೂ ಬ್ರಿಟಿಷರು ಬರೆದ ಮೂಲ ಕಲಮಿನಲ್ಲೇ ಇರಲಿಲ್ಲ. ಕಾನೂನು ಹೋದ ಎರಡು ತಿಂಗಳಿಗೆ ಅದರ ಅಪರಾಧ ಪತ್ತೆ ಹಚ್ಚುವ ವಿದ್ಯೆ ಕಲಿಸಲು ಹೊರಟದ್ದು, ಎತ್ತಂಗಡಿಯಾದ ಸ್ಟಾಪಿನಲ್ಲಿ ನಿಂತು ರದ್ದಾದ ಬಸ್ಸಿಗೆ ಕೈ ಅಡ್ಡ ಹಿಡಿದ ಹಾಗೆ. ಆ ದಂಡ ಸಂಹಿತೆಯ ಕರಡು ಬರೆದ ಮೆಕಾಲೆ ಸಾಹೇಬರೂ ಇಷ್ಟು ದಿನ ನಿಲ್ಲುತ್ತಿರಲಿಲ್ಲವೇನೋ.

ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ ಮುಂದೆ 2021ರಲ್ಲಿ, ಪರಸ್ಪರ ಪ್ರೀತಿಸಿ ರಕ್ಷಣೆ ಕೋರಿದ ಇಬ್ಬರು ಯುವತಿಯರ ಪ್ರಕರಣ ಬಂದಾಗ, ಸಲಿಂಗ ಪ್ರೇಮದ ವಿಷಯ ತನಗೆ ಸರಿಯಾಗಿ ಗೊತ್ತಿಲ್ಲವೆಂದು ಅವರೇ ಮನಃಶಾಸ್ತ್ರಜ್ಞರ ಬಳಿ ಪಾಠ ಹೇಳಿಸಿಕೊಂಡರು. ಆಮೇಲೆ ಬರೆದರು ತೀರ್ಪು. ಪಠ್ಯ ತಿದ್ದುವ ಕೆಲಸ ಶುರುವಾದದ್ದೂ ಆ ಪ್ರಕರಣದಿಂದಲೇ. ಲಾ ಓದಿದವರು ಮನಸ್ಸಿನ ಪಾಠಕ್ಕೆ ಕೂತರು, ವೈದ್ಯರನ್ನು ತಯಾರು ಮಾಡುವವರು ಹಳೇ ಗೈಡು ಹಿಡಿದರು.

ಇನ್ನು ತಿದ್ದಿದ ಪಠ್ಯ ಓದಿದವರು ಓಪಿಡಿಯಲ್ಲಿ ಕೂತಾಗ ನೋಡಬೇಕು.

“ಮದುವೆ ಆಗಿದೆಯೇನಮ್ಮಾ?”

“ಇಲ್ಲ ಡಾಕ್ಟ್ರೇ. ನಾನೂ ನನ್ನ ಗೆಳತಿಯೂ ಒಟ್ಟಿಗೆ...”

“ಪಿಜಿಯಲ್ಲಿ ಇರೋದಾ? ಊಟ ಸರಿ ಇರಲ್ಲ, ಅದಕ್ಕೇ ಹೊಟ್ಟೆನೋವು. ನೆಕ್ಸ್ಟ್!”

ಲೈಂಗಿಕ ಆರೋಗ್ಯದ ಇಡೀ ವಿಚಾರಣೆ ನಮ್ಮಲ್ಲಿ ಆ ಒಂದೇ ಪ್ರಶ್ನೆಯಲ್ಲಿ ಮುಗಿಯುತ್ತದೆ. ಆಗಿಲ್ಲ ಎಂದರೆ ಏನೂ ಇಲ್ಲ. ಆಗಿದೆ ಎಂದರೆ ಮಕ್ಕಳೆಷ್ಟು. ಇವೆರಡರ ಆಚೆಗಿರುವವರು ಚೀಟಿ ಕೌಂಟರಿನಲ್ಲೇ ಸಿಕ್ಕಿಬಿದ್ದಿರುತ್ತಾರೆ: ಗಂಡಸರ ಸಾಲಿನಲ್ಲಿ ನಿಂತರೆ ಹೆಂಗಸರ ಸಾಲಿಗೆ ಹೋಗಮ್ಮ, ಅಲ್ಲಿಗೆ ಹೋದರೆ ಆ ಕಡೆ ಹೋಗಪ್ಪ. ಬಂದದ್ದು ಬರೀ ಜ್ವರಕ್ಕೆ.

ಹಾಗಂತ ನಮ್ಮ ಕಾಲೇಜುಗಳು ಸುಮ್ಮನೆ ಕೂತಿವೆ ಅನ್ನಬೇಡಿ. ಲಿಂಗತ್ವ ಅಲ್ಪಸಂಖ್ಯಾತರ ಆರೋಗ್ಯಕ್ಕೆ ತಕ್ಕಂತೆ ವೈದ್ಯಕೀಯ ಪಠ್ಯಕ್ರಮವನ್ನು ಪರಿಶೀಲಿಸಬೇಕೆಂದು 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆಯೇ ಹೇಳುತ್ತದೆ. ಆದ್ದರಿಂದ ಒಂದು ವಿಶೇಷ ಉಪನ್ಯಾಸ ಇಟ್ಟುಕೊಂಡ ಕಾಲೇಜನ್ನು ಕಲ್ಪಿಸಿಕೊಳ್ಳಿ. ಬ್ಯಾನರ್ ಕಟ್ಟಿದ್ದಾರೆ, ನಾಡಗೀತೆ ಆಯಿತು, ದೀಪ ಹಚ್ಚಿದ್ದಾಯಿತು. ಅತಿಥಿಯಾಗಿ ಬಂದ ಟ್ರಾನ್ಸ್ ಹೋರಾಟಗಾರ್ತಿ ಒಂದು ಗಂಟೆ ಮಾತಾಡಿದರು. ಪ್ರಿನ್ಸಿಪಾಲರು ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಗಂಧದ ಹಾರ ಹಾಕಿ, “ಇವತ್ತಿನಿಂದ ಈ ಕ್ಯಾಂಪಸ್ಸಿನಲ್ಲಿ ಭೇದಭಾವ ಎಂಬುದಿಲ್ಲ” ಎಂದು ಘೋಷಿಸಿದರು. ಜೋರು ಚಪ್ಪಾಳೆ.

ಮಧ್ಯಾಹ್ನ ಅದೇ ಹಾಲಿನಲ್ಲಿ ರಕ್ತದಾನ ಶಿಬಿರ. ಗೋಡೆಯ ಮೇಲೆ ‘ರಕ್ತಕ್ಕೆ ಜಾತಿಯಿಲ್ಲ, ಧರ್ಮವಿಲ್ಲ’ ಎಂಬ ಪೋಸ್ಟರು. ಅತಿಥಿ ಸಂಭ್ರಮದಿಂದ ಸೆರಗು ಸರಿಮಾಡಿ ತೋಳು ಚಾಚಿದರು. ಬೆಳಿಗ್ಗೆ ಮೊದಲ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದ ಹುಡುಗ ಫಾರಂ ನೋಡಿದ, ಅವರನ್ನು ನೋಡಿದ, ಮತ್ತೆ ಫಾರಂ ನೋಡಿದ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ರಕ್ತವನ್ನು ಶಾಶ್ವತವಾಗಿ ತೆಗೆದುಕೊಳ್ಳಕೂಡದು ಎನ್ನುತ್ತದೆ 2017ರ ರಕ್ತದಾನಿಗಳ ಮಾರ್ಗಸೂಚಿ. ಪರೀಕ್ಷೆ ಮಾಡಿ ನೋಡಿದ ಮೇಲಲ್ಲ, ಮೊದಲೇ.

“ಮೇಡಂ, ತಪ್ಪು ತಿಳ್ಕೋಬೇಡಿ,” ಎಂದ ಹುಡುಗ, ಹಣೆಯ ಬೆವರು ಒರೆಸಿಕೊಂಡು. “ದಾನಿಗಳಿಗೆ ಇಟ್ಟಿರೋ ಬಿಸ್ಕತ್ತು, ಜ್ಯೂಸು ಬೇಕಾದ್ರೆ ತಗೊಳ್ಳಿ. ಅದಕ್ಕೆ ರೂಲ್ಸ್ ಏನೂ ಇಲ್ಲ.”